ಜೀರ್ಣೋದ್ಧಾರದಲ್ಲಿ ಸತ್ಯನಿಷ್ಠೆ

ದೇವಾಲಯವೊಂದು ನೂರು ವರ್ಷ ತುಂಬಿ ನಿಂತಾಗ ಅದನ್ನು ನವೀಕರಿಸಬೇಕೆಂಬ ಹಂಬಲವು ಭಕ್ತಾದಿಗಳಲ್ಲಿ ಮೂಡುವುದು ಸಹಜ. ಆದರೆ ಆ ಉತ್ಸಾಹದಲ್ಲಿ ಹಿರಿಯರ ಕೈಗುರುತುಗಳೇ ಅಳಿಸಿಹೋಗುವ ಅಪಾಯವೂ ಉಂಟು. ಹಳೆಯದನ್ನು ಎಷ್ಟು ಉಳಿಸಬೇಕು, ಹೊಸದನ್ನು ಹೇಗೆ ಸೇರಿಸಬೇಕು ಎಂಬ ಪ್ರಶ್ನೆಗೆ ಪ್ಯಾರಿಸ್ ನಗರದ ನೋತ್ರ್ ದಾಮ್ ಪ್ರಧಾನಾಲಯದ ಚರಿತ್ರೆಯು ನಮಗೆ ಒಳ್ಳೆಯ ಪಾಠವಾಗಿದೆ.

1163ರಲ್ಲಿ ಆರಂಭವಾದ ದೇವಮಾತೆಯ ಈ ಆಲಯವು ಒಂದೇ ಕಾಲದ ಕೃತಿಯಲ್ಲ. 13ನೆಯ ಶತಮಾನದ ಅದರ ಗೋಪುರಶಿಖರವು ಶಿಥಿಲಗೊಂಡುದರಿಂದ 18ನೆಯ ಶತಮಾನದ ಕೊನೆಯಲ್ಲಿ ಅದನ್ನು ಕಳಚಲಾಯಿತು. 1793ರಲ್ಲಿ ಕ್ರಾಂತಿಕಾರರು ಮುಂಭಾಗದ 28 ಅರಸರ ಪ್ರತಿಮೆಗಳನ್ನು ಫ್ರಾನ್ಸಿನ ದೊರೆಗಳವೆಂದು ಭ್ರಮಿಸಿ ಕೆಡವಿಸಿದರು. ಅವು ಪವಿತ್ರ ಬೈಬಲಿನ ಜುದೇಯದ ಅರಸರ ಪ್ರತಿಮೆಗಳಾಗಿದ್ದವು! ಅವುಗಳ 21 ಶಿರಗಳು 1977ರಲ್ಲಿ ಭೂಗರ್ಭದಿಂದ ದೊರೆತು ಇಂದು ಕ್ಲೂನಿ ವಸ್ತುಸಂಗ್ರಹಾಲಯದಲ್ಲಿವೆ. ಆಲಯದ ಮೇಲಿರುವವು 19ನೆಯ ಶತಮಾನದ ಪ್ರತಿಮೆಗಳು.

ಆ ಶತಮಾನದ ಜೀರ್ಣೋದ್ಧಾರವನ್ನು 1844ರಲ್ಲಿ ವಹಿಸಿಕೊಂಡವರಲ್ಲಿ ಪ್ರಮುಖನು ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್. ಕಟ್ಟಡವನ್ನು ಪರಿಪೂರ್ಣ ಸ್ಥಿತಿಗೆ ತರುವುದೇ ಜೀರ್ಣೋದ್ಧಾರ, ಆ ಸ್ಥಿತಿ ಹಿಂದೆಂದೂ ಇದ್ದಿರದಿದ್ದರೂ ಸರಿಯೆ ಎಂಬುದು ಆತನ ಮತ. ಅದರಂತೆ 1859ರಲ್ಲಿ ಹಿಂದಿನದಕ್ಕಿಂತ ಎತ್ತರವಾದ ಶಿಖರವನ್ನು ನಿಲ್ಲಿಸಿದನು. ಪ್ರವಾಸಿಗರು ಪುರಾತನವೆಂದು ನಂಬುವ ವಿಚಿತ್ರ ಮೃಗಾಕೃತಿಗಳೂ ಆತನ ಕಲ್ಪನೆಯೇ.

2019ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ಆ ಶಿಖರವು ಬೆಂಕಿಗೆ ಆಹುತಿಯಾಯಿತು. ಪ್ರಭುವಿನ ಮುಳ್ಳಿನ ಕಿರೀಟವನ್ನು ಹೊರತಂದು ರಕ್ಷಿಸಲಾಯಿತು. ಬಳಿಕ ವಿವಾದ ಎದ್ದಿತು: ಆಧುನಿಕ ಶಿಖರವೇ, ಮಧ್ಯಯುಗದ್ದೇ, ಸುಟ್ಟುಹೋದುದೇ? 1964ರ ವೆನಿಸ್ ಸನ್ನದು ಪ್ರತಿಯೊಂದು ಯುಗದ ಯೋಗ್ಯ ಕೊಡುಗೆಯನ್ನೂ ಗೌರವಿಸಬೇಕೆನ್ನುತ್ತದೆ. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದೂ ವಿಧಿಸುತ್ತದೆ. ಸುಟ್ಟ ಶಿಖರದ ವಿಷಯದಲ್ಲಿ ಊಹೆ ಬೇಕಿರಲಿಲ್ಲ, ನಕ್ಷೆಗಳಿದ್ದವು. 2020ರಲ್ಲಿ ಅದನ್ನೇ ಮರಳಿ ಕಟ್ಟಲು ನಿರ್ಧಾರವಾಯಿತು. ಬಡಗಿಗಳು ಓಕ್ ಮರದ ತೊಲೆಗಳನ್ನು ಹಿಂದಿನವರಂತೆ ಕೊಡಲಿಯಿಂದಲೇ ಕೆತ್ತಿದರು. ಭಗ್ನವಾದ ಬಲಿಪೀಠದ ಸ್ಥಾನದಲ್ಲಿ ಮಾತ್ರ ನಮ್ಮ ಕಾಲದ ಕಂಚಿನ ಬಲಿಪೀಠ ಬಂದಿತು. 2024ರ ಡಿಸೆಂಬರ್ 8ರಂದು ಅದರ ಪ್ರತಿಷ್ಠೆ ನೆರವೇರಿತು. ಅದು ತಾನು ಹಳೆಯದೆಂದು ನಟಿಸುವುದಿಲ್ಲ.

ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯು ಕಲ್ಲು ಗಾರೆಗಳಿಗೂ ಅನ್ವಯಿಸುತ್ತದೆ ಎಂದು ನಾವು ಭಾವಿಸುತ್ತೇವೆ. ದೇವಾಲಯವು ವಸ್ತುಸಂಗ್ರಹಾಲಯವಲ್ಲ, ಬಲಿಪೂಜೆ ನಡೆಯುವ ಮನೆಗೆ ಹೊಸದು ಬೇಕಾಗಬಹುದು. ಹಾಗೆ ಬಂದ ಹೊಸದರ ಮೇಲೆ ಅದರ ಇಸವಿ ಇರಲಿ. ತೆಗೆಯಲೇಬೇಕಾದುದನ್ನು ಮೊದಲು ಅಳೆದು, ಚಿತ್ರ ತೆಗೆದು, ದಾಖಲಿಸೋಣ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ತೇವವು ಒಳಗೇ ಉಳಿದು ಗೋಡೆ ಕೆಡುತ್ತದೆ. ಸುಣ್ಣಕ್ಕೆ ಸುಣ್ಣವೇ ಮದ್ದು. ನಮ್ಮ ಅಜ್ಜ ಅಜ್ಜಿಯರು ಜ್ಞಾನಸ್ನಾನ ಪಡೆದ ತೊಟ್ಟಿಯನ್ನು ಅಮೃತಶಿಲೆಯ ಆಸೆಗೆ ಹೊರಗೆಸೆಯದಿರೋಣ.

ಕಟ್ಟಿದವರ ಹೆಸರುಗಳು ಮರೆತುಹೋಗಿರಬಹುದು. ಅವರ ಕೆಲಸವಾದರೂ ಅವರದಾಗಿಯೇ ಉಳಿದು ಮುಂದಿನ ನೂರು ವರ್ಷಗಳವರಿಗೆ ದೊರೆಯಲೆಂದು ದೇವಮಾತೆಯ ಬಿನ್ನಹದ ಮೂಲಕ ಪ್ರಾರ್ಥಿಸುತ್ತೇವೆ.