ಚಿಕ್ಕಿಯ ಕೌದಿ

ನಮ್ಮ ಕಡೆ ಆಕಾಶದ ನಕ್ಷತ್ರಕ್ಕೆ ಚಿಕ್ಕಿ ಎಂದು ಹೆಸರು. ಇಳಕಲ್ಲ ಸೀರೆಯ ಅಂಚುಗಳಲ್ಲಿ ಒಂದಕ್ಕೆ ಚಿಕ್ಕಿ ಪರಾಸ ಎನ್ನುವರು. ಅಂಗಳದಲ್ಲಿ ರಂಗೋಲಿಗೆ ಮೊದಲು ಇಡುವ ಚುಕ್ಕಿಯೂ ಹೆಚ್ಚು ಕಡಿಮೆ ಅದೇ ಮನೆತನದ ಶಬ್ದ. ಗಣಕಯಂತ್ರದ ತೆರೆಯ ಮೇಲೆ ಮೂಡುವ ಚಿತ್ರವೆಲ್ಲ ಸಣ್ಣ ಸಣ್ಣ ಚುಕ್ಕಿಗಳ ಸಾಲು ಎಂದು ಮೊಮ್ಮಗಳು ನನಗೆ ತಿಳಿಸಿಕೊಟ್ಟಾಗ, ಹಾಗಾದರೆ ಅದು ನಮ್ಮದೇ ವಿದ್ಯೆ ಎಂದೆ. ಅಜ್ಜಿಯಂದಿರು ಎಲ್ಲವನ್ನೂ ತಮ್ಮದೇ ಎನ್ನುವುದುಂಟು ಎಂದು ಅವಳು ನಕ್ಕಳು. ನನ್ನ ಮಾತಿನಲ್ಲಿ ನಿಜವೆಷ್ಟು, ಜಂಭವೆಷ್ಟು ಎಂಬುದನ್ನು ಒಂದು ಹಳೆಯ ಕೌದಿಯನ್ನು ಮುಂದೆ ಹಾಸಿಕೊಂಡು ವಿಚಾರಿಸಬೇಕೆಂದು ಈ ಭಾಷಣ.

ಆ ಕೌದಿ ಹುಟ್ಟಿದ್ದು ಗಜೇಂದ್ರಗಡದಲ್ಲಿ. 1945ರಲ್ಲಿ ನನ್ನ ಅವ್ವನ ಮದುವೆ ಗೊತ್ತಾದಾಗ ಅವಳ ತಾಯಿ, ನಮ್ಮ ಆಯಿ, ಅದನ್ನು ಹೊಲಿದಳು. ಅವ್ವನ ಸಂಗಡ ಅದು ನರಗುಂದಕ್ಕೆ ಬಂತು. ನನ್ನನ್ನು ರೋಣಕ್ಕೆ ಕೊಟ್ಟಾಗ ನನ್ನ ಪೆಟ್ಟಿಗೆಯೊಳಗೆ ಕುಳಿತು ರೋಣಕ್ಕೆ ಬಂತು. ಈ ಮೂರು ಊರುಗಳೂ ಹಿಂದೆ ಧಾರವಾಡ ಜಿಲ್ಲೆಯವು. 1997ರಲ್ಲಿ ಗದಗ ಜಿಲ್ಲೆಯಾದ ಮೇಲೆ ಅದಕ್ಕೆ ಸೇರಿದವು. ಜಿಲ್ಲೆ ಬದಲಾದರೂ ಕೌದಿ ಬದಲಾಗಲಿಲ್ಲ, ಸವೆಯಿತು ಅಷ್ಟೆ.

ಕೌದಿಯೆಂದರೆ ಏನೆಂದು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು: ಉಟ್ಟು ಹಳತಾದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲವನ್ನೂ ಹಿಡಿದು ಒತ್ತೊತ್ತಾಗಿ ಸಾಲು ಹೊಲಿಗೆ ಹಾಕಿದರೆ ಕೌದಿ. ಗೊಂಧಳಿ ಸಮುದಾಯದ ಹೆಣ್ಣುಮಕ್ಕಳು ಊರಿಂದೂರಿಗೆ ಹೋಗಿ ಮನೆಯವರು ಕೊಟ್ಟ ಹಳೆಯ ಬಟ್ಟೆಯಲ್ಲಿ ಕೌದಿ ಹೊಲಿದುಕೊಡುವ ಪದ್ಧತಿಯೂ ಉಂಟು. ನಮ್ಮ ಆಯಿ ಮಾತ್ರ ಮಗಳ ಕೌದಿಗೆ ಪರರ ಸೂಜಿ ತಾಗಬಾರದೆಂದು ತಾನೇ ಕುಳಿತು ಹೊಲಿದಳಂತೆ. ಅದರ ನಟ್ಟನಡುವೆ ಗುಳೇದಗುಡ್ಡದ ಕೆಂಪು ಖಣದಲ್ಲಿ ಒಂದು ಚಿಕ್ಕಿ. ನಡುವೆ ಎಂಟು ಬೆರಳಿನ ಚೌಕ. ಚೌಕದ ಒಂದೊಂದು ಬದಿಗೆ ನಾಲ್ಕು ನಾಲ್ಕು ಬೆರಳಿನ ಎರಡು ತ್ರಿಕೋನ. ಹೀಗೆ ಎಂಟು ಮೂಲೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನಾನು ಅದರ ಮೇಲೆ ಮಲಗಿಯೇ ಬೆಳೆದರೂ ಅದನ್ನು ಅಳೆದು ನೋಡಿರಲಿಲ್ಲ.

ಅಳೆದವಳು ಮೊಮ್ಮಗಳು. ಅವಳಿರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ. ಅಲ್ಲಿಯವರು ನಮ್ಮ ಕೌದಿಯ ದಾಯಾದಿಯಾದ ಕ್ವಿಲ್ಟ್ ಎಂಬ ಹೊದಿಕೆಯನ್ನು ಭಕ್ತಿಯಿಂದ ಹೊಲಿಯುವವರು. ನಕ್ಷತ್ರದ ಒಂದು ಮಾದರಿಗೆ ಆ ರಾಜ್ಯದ ಹೆಸರೇ ಇದೆ. ಅದೇ ರಾಜ್ಯದ ಬೌಲಿಂಗ್ ಗ್ರೀನ್ ಎಂಬ ಊರಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಡೀನ್ ನ್ಯೂಮನ್ ಎಂಬವರು ಕ್ವಿಲ್ಟುಗಳ ಇತಿಹಾಸ ಬಲ್ಲ ತಮ್ಮ ಪತ್ನಿ ಪೆನ್ನಿ ಮ್ಯಾಕ್‌ಮಾರಿಸ್ ಅವರಿಗಾಗಿ ಒಂದು ತಂತ್ರಾಂಶವನ್ನು ಬರೆದರು. 1991ರಲ್ಲಿ ಇಲೆಕ್ಟ್ರಿಕ್ ಕ್ವಿಲ್ಟ್ ಎಂಬ ಹೆಸರಿನಿಂದ ಅದು ಹೊರಗೆ ಬಂತು. ಗಣಿತದ ಮೇಷ್ಟರೊಬ್ಬರು ಈ ಕೆಲಸ ಮಾಡಿದರೆಂದು ತಿಳಿದು ನನಗೆ ಸಮಾಧಾನವಾಯಿತು.

ಆ ತಂತ್ರಾಂಶದ ರೀತಿ ಹೀಗೆ. ತೆರೆಯ ಮೇಲೆ ಚೌಕಳಿ ಹಾಕಿದ ಹಾಳೆ ಬರುತ್ತದೆ. ಒಂದು ಮನೆಯನ್ನು ಗೆರೆ ಎಳೆದು ತ್ರಿಕೋನ ಮಾಡಿದರೆ ಸಾಕು, ಅದನ್ನು ತಿರುಗಿಸಿ, ಮಗುಚಿ, ಎಂಟು ಕಡೆಗೂ ತಾನೇ ಕೂರಿಸುತ್ತದೆ. ಕೆಂಪಿದ್ದುದನ್ನು ನೀಲಿ ಮಾಡು ಎಂದರೆ ಕಣ್ಣು ಮಿಟುಕಿಸುವುದರೊಳಗೆ ನೀಲಿ. ಕೊನೆಗೆ ಹೊಲಿಗೆಯ ಅಂಚಿಗೆ ಬಿಡಬೇಕಾದ ಬಟ್ಟೆಯನ್ನೂ ಸೇರಿಸಿ ಕತ್ತರಿಸುವ ನಮೂನೆಗಳನ್ನು ಅಚ್ಚು ಹಾಕಿ, ಯಾವ ಬಣ್ಣದ ಬಟ್ಟೆ ಎಷ್ಟು ಗಜ ಕೊಳ್ಳಬೇಕೆಂದು ಲೆಕ್ಕವನ್ನೂ ಒಪ್ಪಿಸುತ್ತದೆ.

ಈ ಕೊನೆಯ ಲೆಕ್ಕ ಕೇಳಿ ನಾನು ಸುಮ್ಮನಾದೆ. ಕೌದಿಗಾಗಿ ಬಟ್ಟೆ ಕೊಳ್ಳುವುದು ಆಯಿಯ ಜಗತ್ತಿನಲ್ಲಿ ಇರಲಿಲ್ಲ. ಬಟ್ಟೆ ಎಷ್ಟಿದೆಯೋ ಅಷ್ಟರಿಂದ ಚಿಕ್ಕಿ ಹುಟ್ಟಬೇಕು. ತಂತ್ರಾಂಶದಲ್ಲಿ ಚಿಕ್ಕಿ ಮೊದಲು ಹುಟ್ಟುತ್ತದೆ, ಬಟ್ಟೆ ಆಮೇಲೆ ಅಂಗಡಿಯಿಂದ ಬರುತ್ತದೆ.

ಮೊಮ್ಮಗಳು ರಜೆಗೆ ಬಂದಾಗ ಕೌದಿಯ ಚಿತ್ರ ತೆಗೆದು, ಒಂದೊಂದು ತುಂಡನ್ನೂ ಅಳೆದು, ಆ ಅಂಕೆಗಳನ್ನು ಯಂತ್ರಕ್ಕೆ ಕೊಡುತ್ತ ಕುಳಿತಳು. ಅರ್ಧ ತಾಸಿಗೆ, "ಅಜ್ಜಿ, ಒಂದು ಮೂಲಿ ಕೂಡವಲ್ದು" ಎಂದು ಕೂಗಿದಳು. ಏಳು ಮೂಲೆಗಳು ಸರಿಯಾಗಿ ನಾಲ್ಕು ಬೆರಳು. ಎಂಟನೆಯದು ಮೂರೇ ಬೆರಳು. ಉಳಿದ ಒಂದು ಬೆರಳಿನ ಜಾಗಕ್ಕೆ ಬಿಳಿಯ ಒರಟು ಬಟ್ಟೆಯ ಪಟ್ಟಿ. ನನಗೆ ಆ ಪಟ್ಟಿ ಮಗುವಾಗಿದ್ದಾಗಿನಿಂದ ಗೊತ್ತು. ಆದರೆ ಅದೊಂದು ಪ್ರಶ್ನೆಯೆಂದು ಗೊತ್ತಿರಲಿಲ್ಲ. ಯಂತ್ರವೋ, ಎಂಟನೆಯ ಮೂಲೆಯನ್ನು ಉಳಿದ ಏಳರಂತೆಯೇ ಮಾಡಿ ನಮ್ಮ ಮುಂದೆ ಹಿಡಿದಿತ್ತು. ತೆರೆಯ ಮೇಲೆ ಅಚ್ಚುಕಟ್ಟಾದ ಚಿಕ್ಕಿ, ನೆಲದ ಮೇಲೆ ಆಯಿಯ ಚಿಕ್ಕಿ. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಕೊರತೆ ಕಣ್ಣಿಗೆ ಬಿತ್ತು.

ಆಯಿಗೆ ಲೆಕ್ಕ ತಪ್ಪಿತೆ? ಅದನ್ನು ನಾನು ಒಪ್ಪಲಾರೆ. ನಮ್ಮ ಹೆಣ್ಣುಮಕ್ಕಳ ಸೂಜಿಯ ಲೆಕ್ಕ ಎಂಥದೆಂಬುದಕ್ಕೆ ಕಸೂತಿ ಸಾಕ್ಷಿ. ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂದು ಅದರಲ್ಲಿ ನಾಲ್ಕು ಬಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ತೇರು, ಗೋಪುರ, ಆನೆ, ಚಿಕ್ಕಿಗಳನ್ನು ಎಬ್ಬಿಸಬೇಕು. ಗವಂತಿ ಮತ್ತು ಮುರ್ಗಿಯಲ್ಲಿ ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡು ಮುಖವೂ ಒಂದೇ ಕಾಣಬೇಕು. ಹೋಗುವಾಗ ಸೂಜಿ ಒಂದು ಬಿಟ್ಟು ಒಂದು ಮನೆ ತುಂಬುತ್ತದೆ. ಬರುವಾಗ ಬಿಟ್ಟ ಮನೆಗಳನ್ನು ತುಂಬಿ ಹೊರಟಲ್ಲಿಗೇ ಬಂದು ಸೇರುತ್ತದೆ. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲಾಗದು ಎಂದು ಆಯ್ಲರ್ 1736ರಲ್ಲಿ ತೋರಿಸಿದ್ದನ್ನು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಆದರೆ ಪ್ರತಿಯೊಂದು ದಾರಿಯಲ್ಲೂ ಎರಡು ಸಲ ನಡೆಯಬಹುದಾದರೆ ಯಾವ ಊರನ್ನಾದರೂ, ಅದರ ದಾರಿಗಳು ಒಂದಕ್ಕೊಂದು ಕೂಡಿದ್ದರೆ, ಪೂರ್ತಿ ಸುತ್ತಿ ಮನೆಗೆ ಮರಳಬಹುದು ಎಂಬುದೂ ಅದೇ ವಿಚಾರದಿಂದ ಹೊರಡುತ್ತದೆ. ಗವಂತಿಯ ಸೂಜಿ ನಡೆಯುವುದು ಈ ನಿಯಮದ ಮೇಲೆ. ಇಂದು ಪೇಟೆಯಲ್ಲಿ ಸಿಗುವ ಯಂತ್ರದ ಕಸೂತಿಯನ್ನು ತಿರುವಿ ನೋಡಿದರೆ ಒಳಮುಖದಲ್ಲಿ ಬೇರೆ ದಾರ, ಬೇರೆ ಚಹರೆ. ಯಂತ್ರಕ್ಕೆ ಎರಡು ದಾರ ಬೇಕು. ಆಯಿಯ ಕೈಗೆ ಒಂದು ಸಾಕಾಗಿತ್ತು.

ಕೋನಗಳ ವಿಷಯಕ್ಕೂ ಇದೇ ಮಾತು. ಚೌಕದ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ನಲವತ್ತೈದು ಅಂಶದ ಕೋನ ಕೈಗೆ ಬಂದಂತೆ, ಕೋನಮಾಪಕ ಬೇಡ. ಚೌಕಗಳಿಂದ ಚಿಕ್ಕಿಯನ್ನು ಹೊರಡಿಸುವ ಜಾಣತನ ನಮ್ಮ ಜಿಲ್ಲೆಯಲ್ಲಿ ಕಲ್ಲಿನಲ್ಲೇ ಇದೆ. ದಂಬಳದ ದೊಡ್ಡಬಸಪ್ಪನ ಗುಡಿಯನ್ನು ನೋಡಿ ಬಂದವರು ಅದರ ಗರ್ಭಗೃಹದ ಹೊರಗೋಡೆಯನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದ ಆ ಚಾಲುಕ್ಯ ಶಿಲ್ಪಿಗಳು ಒಂದೇ ಕೇಂದ್ರದ ಸುತ್ತ ಚೌಕವನ್ನು ಹದಿನೈದು ಹದಿನೈದು ಅಂಶ ತಿರುಗಿಸುತ್ತ ಹೋದಂತೆ, ಆರು ಚೌಕದಿಂದ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರವನ್ನು ಎಬ್ಬಿಸಿದ್ದಾರೆ. ಮೊಮ್ಮಗಳ ಯಂತ್ರದಲ್ಲಿ ಅದನ್ನು ಮಾಡಿಸಿ ನೋಡಿದೆವು, ನಿಮಿಷದೊಳಗೆ ಬಂತು. ಗೂಟ, ಹಗ್ಗ ಹಿಡಿದು ಕಲ್ಲಿನಲ್ಲಿ ಮಾಡಿದವರ ಕಷ್ಟ ಆಗ ಇನ್ನೂ ದೊಡ್ಡದಾಗಿ ಕಂಡಿತು.

ಗಣಕಯಂತ್ರವೂ ಮಗ್ಗದ ಮನೆಯಿಂದ ಬಂದದ್ದೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ತೂತು ಕೊರೆದ ರಟ್ಟುಗಳಿಂದ ಹಾಸಿನ ಎಳೆಗಳನ್ನು ಎತ್ತಿಸಿದ. ಆ ರಟ್ಟುಗಳನ್ನೇ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಎಣಿಕೆಯ ಯಂತ್ರಕ್ಕೆ ಬೇಡಿದ. 1890ರ ಅಮೆರಿಕದ ಜನಗಣತಿಗೆ ಹಾಲೆರಿತ್ ಅಂಥವನ್ನೇ ಬಳಸಿದ. ನಮ್ಮವರೂ ಹಿಂದೆ ಬಿದ್ದಿರಲಿಲ್ಲ. ಮದರಾಸಿನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರು 1974ರಲ್ಲಿಯೇ ಕೋಲಂ ಎಂಬ ಚುಕ್ಕಿ ರಂಗೋಲಿಗೆ ಗಣಕದ ವ್ಯಾಕರಣ ಬರೆದು ಪ್ರಕಟಿಸಿದರು. ಆದುದರಿಂದ ನನ್ನ ಮಾತು ಪೂರ್ತಿ ಜಂಭವಲ್ಲ ಎಂದು ಮೊಮ್ಮಗಳು ಒಪ್ಪಬೇಕಾಯಿತು.

ಮತ್ತೆ ಎಂಟನೆಯ ಮೂಲೆಗೆ ಬರೋಣ. ಅದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಾಠಾಂತರಗಳಿದ್ದವು. ಚಿಕ್ಕವ್ವ, "ದೃಷ್ಟಿ ತಾಗಬಾರದಂತ ಬೇಕಂತಲೇ ಗಿಡ್ಡ ಇಟ್ಟಾಳ" ಎನ್ನುತ್ತಿದ್ದಳು. ಅವ್ವ ಇಷ್ಟೇ ಹೇಳುತ್ತಿದ್ದಳು: "ಅರಿವಿ ಸಾಲಲಿಲ್ಲ." ಚಿಕ್ಕವ್ವನ ಮಾತು ಚೆಂದ; ಕೈಕಸುಬಿನ ಬಗ್ಗೆ ಬರೆಯುವವರಿಗೂ ಅಂಥ ಮಾತೇ ಪ್ರಿಯ. ನಾನೂ ಅದನ್ನೇ ನಂಬಿದ್ದೆ. ಈಗ ಇಬ್ಬರೂ ಇಲ್ಲ. ಕೇಳುವುದಾದರೆ ಕೌದಿಯನ್ನೇ ಕೇಳಬೇಕು.

ಆ ಮೂಲೆಯ ಹೊಲಿಗೆ ತಾನಾಗಿ ಸಡಿಲವಾಗಿತ್ತು. ಕನ್ನಡಕ ಹಾಕಿಕೊಂಡು ಅದರ ಅಂಚನ್ನು ಮೆಲ್ಲಗೆ ಎತ್ತಿ ನೋಡಿದೆ. ಮೂರು ಬೆರಳಿನ ಆ ತ್ರಿಕೋನ ಒಂದೇ ತುಂಡಿನದಲ್ಲ. ಮೂರು ಚೂರುಗಳನ್ನು ಕೂಡಿಸಿದ್ದು. ಅದರಲ್ಲಿ ಎರಡರ ಅಂಚು ಕಮಾನಿನಂತೆ ಬಾಗಿದೆ. ಕುಪ್ಪಸ ಹೊಲಿದವರಿಗೆ ಆ ಬಾಗು ಏನೆಂದು ಹೇಳಬೇಕಿಲ್ಲ: ಕೊರಳು ಮತ್ತು ಬಗಲನ್ನು ಕತ್ತರಿಸಿದಾಗ ಉಳಿಯುವ ಚೂರು ಅದು. ಮಗಳ ಮದುವೆಯ ಕುಪ್ಪಸವೂ ಕೌದಿಯ ಚಿಕ್ಕಿಯೂ ಒಂದೇ ಖಣದಲ್ಲಿ ಆದವು. ಕುಪ್ಪಸ ಮೊದಲಾಯಿತು, ಉಳಿದದ್ದರಲ್ಲಿ ಏಳು ಮೂಲೆಯಾಯಿತು, ಎಂಟನೆಯದಕ್ಕೆ ಆಯಿ ಚೂರುಗಳನ್ನು ಆರಿಸಿ ಜೋಡಿಸಿ ಮೂರು ಬೆರಳಿನವರೆಗೆ ತಂದಳು. ಬೇಕೆಂದು ಗಿಡ್ಡ ಮಾಡುವವಳು ಇಷ್ಟು ಒದ್ದಾಡುತ್ತಿರಲಿಲ್ಲ. ಅವ್ವನ ಪಾಠಾಂತರವೇ ಸರಿ.

ಇನ್ನೊಂದು ಖಣ ತರಬಹುದಿತ್ತಲ್ಲ ಎಂದು ಇಂದಿನವರು ಕೇಳಬಹುದು. ಬಿಳಿಯ ಪಟ್ಟಿ ಅದಕ್ಕೆ ಉತ್ತರ ಹೇಳುತ್ತದೆ. ಯುದ್ಧದ ಕಾಲದಲ್ಲಿ ಬಟ್ಟೆಯ ಬೆಲೆ ಏರಿ, 1943ರಲ್ಲಿ ಸರಕಾರ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆಜ್ಞೆ ಹೊರಡಿಸಿತು. ನಮ್ಮ ಕೈಮಗ್ಗಗಳು ಬಹಳ ಮಟ್ಟಿಗೆ ಗಿರಣಿಯ ನೂಲನ್ನೇ ನಂಬಿದ್ದವು. ನೂಲಿಲ್ಲದೆ ಮಗ್ಗ ನಿಂತವು. ಜನ ಸಾಲಿನಲ್ಲಿ ನಿಂತು ತಂದ ಒರಟು ಬಟ್ಟೆಗೆ ಹಿರಿಯರು ಕಂಟ್ರೋಲ್ ಅರಿವಿ ಎನ್ನುತ್ತಿದ್ದುದು ನನಗೆ ನೆನಪಿದೆ. ಆ ಪಟ್ಟಿ ಅಂಥದೇ ಬಟ್ಟೆ. ಸುತ್ತಲೂ ಹತ್ತಿ ಬೆಳೆಯುವ ಎರಿಹೊಲ. ನಡುವೆ ಬೊಗಸೆಯಷ್ಟು ಖಣಕ್ಕೆ ಬರ! ಇದೇ ಸೀಮೆಯಲ್ಲಿ 1840ರ ದಶಕದಲ್ಲಿ ಅಮೆರಿಕದ ಹತ್ತಿಯ ಬೀಜ ತಂದು ಬಿತ್ತಿದ್ದರು. ದೇಶದ ಬೇರೆ ಹಲವೆಡೆ ಸೋತ ಆ ಬೆಳೆ ಇಲ್ಲಿ ನೆಲೆಯೂರಿ, ಧಾರವಾಡ ಅಮೆರಿಕನ್ ಎಂಬ ಹೆಸರಿನಿಂದ ಹಡಗು ಹತ್ತಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅದರ ಬೆಲೆ ಗಗನಕ್ಕೇರಿತು. ಅಲ್ಲಿಂದ ಹಿಂದೆ ಬೀಜ ಬಂದಿತ್ತು, ಈಗ ತಂತ್ರಾಂಶ ಬಂದಿದೆ.

ಯಂತ್ರವನ್ನು ಹಳಿಯುವ ಉದ್ದೇಶ ನನ್ನದಲ್ಲ. ಅದು ಎಂಟನೆಯ ಮೂಲೆಯನ್ನು ತಿದ್ದಿರದಿದ್ದರೆ ನಾನು ಆ ಅಂಚನ್ನು ಎತ್ತಿ ನೋಡುತ್ತಿರಲಿಲ್ಲ. ಆದರೆ ಚಿಕ್ಕಿಯ ನಿಯಮವನ್ನು ಮಾತ್ರ ಉಳಿಸಿಕೊಂಡು ಅದರ ವರುಷವನ್ನು ಅಳಿಸಿಬಿಡುವುದು ಅದರ ಸ್ವಭಾವ ಎಂಬುದನ್ನು ಮರೆಯಬಾರದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂಡಿಯನ್ನು ನೋಡಿ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮುಂದಿನ ತುಂಡು ಯಾವುದೆಂಬುದನ್ನು ಕೈಗೆ ಸಿಕ್ಕ ಬಟ್ಟೆ ತೀರ್ಮಾನಿಸುತ್ತದೆ. ನಾಲ್ಕು ಮೂಲೆಗೆ ಫೂಲ, ಎಂದರೆ ಮಡಚಿದ ಬಟ್ಟೆಯ ಹೂವು, ಇಡದಿದ್ದರೆ ಕವಂಡಿ ಬೆತ್ತಲೆ ಎಂದು ಅವರ ಭಾವನೆ. ಮೊದಲೇ ನಕಾಶೆ ಬೇಡುವ ತಂತ್ರಾಂಶ ಅಂಥವರ ಮುಂದೆ ಏನು ಮಾಡೀತು?

ಮೊಮ್ಮಗಳು ಮುಂದಿನ ವರುಷ ತಾಯಿಯಾಗುತ್ತಾಳೆ. ಕೂಸಿಗೆ ಇದೇ ಚಿಕ್ಕಿಯ ಹೊಸ ಕೌದಿ ಬೇಕು. ಹಳೆಯದಂತೂ ಇನ್ನೊಂದು ಒಗೆತವನ್ನು ತಾಳದು. ಯಂತ್ರದ ತಿದ್ದುಪಡಿಯನ್ನು ತೆಗೆದು ಎಂಟನೆಯ ಮೂಲೆಯನ್ನು ಮೂರು ಬೆರಳಿಗೇ ಇಳಿಸಲೇ ಎಂದು ಅವಳು ಕೇಳಿದಳು. ಬೇಡವೆಂದೆ. ಬಟ್ಟೆ ಸಾಲುವಾಗ ಕೊರತೆಯನ್ನು ನಟಿಸುವುದು ಆಯಿಗೆ ಮಾಡುವ ಅಪಚಾರ. ಹಾಗಾದರೆ ಬಟ್ಟೆ ಯಾವುದು, ಅಂಗಡಿಯದೇ ಎಂದಳು. ಅದಕ್ಕೆ ನಾನು ಕೂಡಲೇ ಉತ್ತರ ಹೇಳಲಿಲ್ಲ.

ಅವ್ವನ ಸೀರೆಗಳಲ್ಲಿ ಒಂದೇ ಒಂದು ಉಳಿದಿದೆ. ಚಿಕ್ಕಿ ಪರಾಸದ ಅಂಚಿನ ಇಳಕಲ್ಲ ಸೀರೆ. ಅದನ್ನು ನಾನು ಉಟ್ಟಿಲ್ಲ, ಯಾರಿಗೂ ಕೊಟ್ಟಿಲ್ಲ. ವರುಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಚಿ ಇಡುತ್ತೇನೆ. ಕಳೆದ ವಾರ ಅದನ್ನು ತೆಗೆದು ಹಾಸಿ, ಬೆರಳಿನಿಂದಲೇ ಅಳೆದೆ. ಎಂಟು ಮೂಲೆಗೆ ಬಟ್ಟೆ ಧಾರಾಳವಾಗಿ ಸಾಲುತ್ತದೆ. ಮೊಮ್ಮಗಳು ದೀಪಾವಳಿಗೆ ಬರುವವಳಿದ್ದಾಳೆ. ಕತ್ತರಿಯನ್ನು ಸಾಣೆ ಹಿಡಿಸಿ ತಂದು ಸೀರೆಯ ಮೇಲೆಯೇ ಇಟ್ಟಿದ್ದೇನೆ.