ಜಲಸೂತ್ರದ ಸಿಂಗಯಭಟ್ಟ

ಕೆರೆಕಾಲುವೆಗಳನ್ನು ಮಾಡಿಸಿದ ಅರಸರ, ದಂಡನಾಯಕರ, ಗೌಡಪ್ರಜೆಗಳ ಹೆಸರುಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತವೆ. ನೀರನ್ನು ಎಲ್ಲಿಂದ ತೆಗೆಯಬೇಕು, ಯಾವ ಮಾರ್ಗವಾಗಿ ಹರಿಯಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿರ್ಣಯಿಸಿದವರ ಹೆಸರು ಮಾತ್ರ ವಿರಳ. ಆದುದರಿಂದಲೇ ರೈಸ್ ಸಾಹೇಬರು ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟದಲ್ಲಿ ಪ್ರಕಟಿಸಿರುವ ಗೌರಿಬಿದನೂರು ತಾಲ್ಲೂಕಿನ 6ನೆಯ ಶಾಸನವು ವಿದ್ವಾಂಸರ ಮನನಕ್ಕೆ ಯೋಗ್ಯವಾದುದು.

ಶಾಸನದ ಕಾಲವು ಶಾ. ಶ. 1310ನೆಯ ವಿಭವ ಸಂವತ್ಸರ, ಅಂದರೆ ಕ್ರಿ. ಶ. 1388. ಆಗ ವಿಜಯನಗರದಲ್ಲಿ ಇಮ್ಮಡಿ ಹರಿಹರನು ಆಳುತ್ತಿದ್ದನು. ಅವನ ಮಗನಾದ ಪ್ರತಾಪ ಬುಕ್ಕರಾಯನು ಪೆನುಗೊಂಡೆಯಲ್ಲಿದ್ದನು. ಜೀವಿಗಳಿಗೆಲ್ಲ ನೀರೇ ಪ್ರಾಣವೆಂಬುದನ್ನು ನೆನೆದು, ಹೆನ್ನೆಯ ಹೊಳೆಯನ್ನು ಪೆನುಗೊಂಡೆಗೆ ತರಬೇಕೆಂದು ಅವನು ಜಲಸೂತ್ರದ ಸಿಂಗಯಭಟ್ಟನಿಗೆ ಅಪ್ಪಣೆಮಾಡಿದನು. ಹತ್ತು ವಿದ್ಯೆಗಳಿಗೆ ಚಕ್ರವರ್ತಿಯೆಂಬ ಬಿರುದನ್ನು ಪಡೆದಿದ್ದ ಆ ಭಟ್ಟನು ಸಿರುವೆರದ ಕೆರೆಗೆ ಕಾಲುವೆಯನ್ನು ತಂದು, ಅದಕ್ಕೆ ತನ್ನ ಒಡೆಯನ ಹೆಸರನ್ನಿಟ್ಟು, ಶಾಸನವನ್ನು ಬರೆಯಿಸಿದನು. ಹೆನ್ನೆಯೆಂಬುದು ಉತ್ತರ ಪಿನಾಕಿನಿಯೇ.

ಇಲ್ಲಿ ‘ಜಲಸೂತ್ರ’ವೆಂಬ ಮಾತನ್ನು ವಿಚಾರಿಸಬೇಕಾಗಿದೆ. ಸೂತ್ರವೆಂದರೆ ನೂಲು, ಶಿಲ್ಪಿಯ ಅಳತೆಯ ದಾರ. ಸೂತ್ರಧಾರನೆಂಬ ಹೆಸರು ಬಡಗಿಗೆ ಸಂದುದು ಈ ಅರ್ಥದಿಂದಲೇ. ನೀರಿಗೆ ಸೂತ್ರವಿಡುವುದೆಂದರೆ ನೆಲದ ಏರುತಗ್ಗುಗಳನ್ನು ಅಳೆದು ಕಾಲುವೆಯ ಇಳಿಜಾರನ್ನು ಗೊತ್ತುಮಾಡುವುದೆಂದು ನನ್ನ ಅಭಿಪ್ರಾಯ. ಇಳಿಜಾರು ಹೆಚ್ಚಾದರೆ ನೀರು ದಡವನ್ನು ಕೊರೆಯುವುದು. ಕಡಮೆಯಾದರೆ ಹೂಳು ತುಂಬುವುದು. ಇವೆರಡರ ನಡುವಣ ಅಳತೆಯನ್ನು ಹಿಡಿಯುವುದೇ ಆ ವಿದ್ಯೆಯ ಸಾರ.

ಈ ವಿದ್ಯೆಗೆ ಆ ಕಾಲದಲ್ಲಿ ಶಾಸ್ತ್ರದ ಆಧಾರವಿದ್ದಿತೆಂಬುದಕ್ಕೆ ಕಡಪೆಯ ಸೀಮೆಯ ಪೋರುಮಾಮಿಳ್ಳದ ಸಂಸ್ಕೃತ ಶಾಸನವೇ ಸಾಕ್ಷಿ. ಮೊದಲನೆಯ ಬುಕ್ಕನ ಮಗನಾದ ಭಾಸ್ಕರನು ಶಾ. ಶ. 1291ರಲ್ಲಿ, ಎಂದರೆ ಸಿಂಗಯಭಟ್ಟನಿಗೆ 19 ವರ್ಷ ಮೊದಲು, ಕಟ್ಟಿಸಿದ ಕೆರೆಗೆ ಸಂಬಂಧಿಸಿದುದು ಇದು. ಒಳ್ಳೆಯ ಕೆರೆಗೆ 12 ಸಾಧನಗಳನ್ನೂ 6 ದೋಷಗಳನ್ನೂ ಇದು ಹೇಳುತ್ತದೆ. ಧರ್ಮಿಷ್ಠನಾದ ಅರಸು, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿಯಾದ ಜೇಡಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಬಹಳ ಉದ್ದವಲ್ಲದ ಗಟ್ಟಿಯಾದ ಕಲ್ಲಿನ ಏರಿ, ನುರಿತ ಕೆಲಸಗಾರರು — ಇವು ಸಾಧನಗಳಲ್ಲಿ ಕೆಲವು. ಏರಿಯಿಂದ ನೀರು ಜಿನುಗುವುದು, ಸವುಳು ಮಣ್ಣು, ಎರಡು ರಾಜ್ಯಗಳ ಗಡಿ, ಕೆರೆಯ ನಡುವೆ ದಿಣ್ಣೆ, ನೀರು ಸ್ವಲ್ಪವಾಗಿ ಭೂಮಿ ವಿಸ್ತಾರವಾಗಿರುವುದು, ನೀರು ಹೆಚ್ಚಾಗಿ ಭೂಮಿ ಸಂಕುಚಿತವಾಗಿರುವುದು — ಇವು ದೋಷಗಳು. ಗಡಿಯ ಕೆರೆಯನ್ನು ದೋಷವೆಂದು ಎಣಿಸಿರುವುದರಲ್ಲಿ ರಾಜನೀತಿಯೂ ಅಡಗಿದೆ. ಒಬ್ಬರ ನೆಲದ ನೀರನ್ನು ಇನ್ನೊಬ್ಬರು ನಂಬುವುದು ಕಲಹಕ್ಕೆ ಮೂಲ.

ಇನ್ನು ಮುಖ್ಯವಾದ ಪ್ರಶ್ನೆ. ಹೊಳೆಯ ನೀರು ಪೆನುಗೊಂಡೆಯ ಜನರಿಗೆ ನಿಜವಾಗಿಯೂ ದೊರೆಯಿತೆ? ಅಪ್ಪಣೆಯಾದುದು ನಗರಕ್ಕೆ ನೀರು ತರಬೇಕೆಂದು. ನೆರವೇರಿತೆಂದು ಶಾಸನವು ಹೇಳುವುದು ಸಿರುವೆರದ ಕೆರೆಯವರೆಗಿನ ಕಾಲುವೆಯನ್ನು ಮಾತ್ರ. ಅಪ್ಪಣೆಯನ್ನೇ ಫಲವೆಂದು ಗ್ರಹಿಸಿದರೆ ಶಾಸನಕ್ಕೆ ಇಲ್ಲದ ಅರ್ಥವನ್ನು ಹಚ್ಚಿದಂತಾಗುವುದು. ಹಾಗೆಂದು ಕಾರ್ಯವು ಅರ್ಧಕ್ಕೆ ನಿಂತಿತೆಂದು ನಿಶ್ಚಯಿಸುವುದೂ ಆತುರವೇ ಸರಿ. ಪಿನಾಕಿನಿಯು ನಂದಿಯ ಸೀಮೆಯಲ್ಲಿ ಹುಟ್ಟಿ ಉತ್ತರಾಭಿಮುಖವಾಗಿ ಹರಿಯುವುದರಿಂದ, ಗೌರಿಬಿದನೂರಿನ ಪ್ರಾಂತವು ಪೆನುಗೊಂಡೆಗೆ ಮೇಲಣ ಭಾಗದಲ್ಲಿದೆ. ನೀರನ್ನು ಮೇಲೆಯೇ ತಡೆದು ತೆಗೆದರೆ ಮಾತ್ರ ಅದು ತಾನಾಗಿ ಕೆಳಗಿನ ಊರಿಗೆ ಹರಿದೀತು. ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಬತ್ತುವ ಇಂತಹ ಹೊಳೆಯನ್ನು ನಂಬಿದ ನಗರಕ್ಕೆ ನಡುವೆ ಒಂದು ಕೆರೆಯೂ ಅವಶ್ಯ. ಅಲ್ಲಿ ನೀರು ನಿಂತು ತಿಳಿಯಾಗುವುದು, ಬೇಸಗೆಗೆ ಉಳಿಯುವುದು. ಆದುದರಿಂದ ಸಿರುವೆರದ ಕೆರೆಯು ಭಟ್ಟನ ಯೋಜನೆಯ ಕೊನೆಯಾಗಿರದೆ ಮೊದಲ ಮೆಟ್ಟಲಾಗಿರಲೂಬಹುದು. ಇದು ಊಹೆ, ಪ್ರಮಾಣವಲ್ಲ.

ಈ ಊಹೆಯನ್ನು ಗ್ರಂಥಗಳಿಂದ ಮಾತ್ರವೇ ನಿರ್ಣಯಿಸಲಾಗದು. ಹಳೆಯ ಕಾಲುವೆಯ ಕುರುಹುಗಳನ್ನು ನೆಲದಮೇಲೆ ಹುಡುಕಿ, ಅದರ ಮಟ್ಟವನ್ನು ಅಳೆದು, ಶಾಸನದ ಮಾತಿನೊಡನೆ ಹೋಲಿಸಬೇಕು. ಕಾವ್ಯಗಳ ಪುರವರ್ಣನೆಗಳಲ್ಲಿ ತಿಳಿಗೊಳಗಳನ್ನೂ ಕಾಲುವೆಗಳನ್ನೂ ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ, ಅವು ಕವಿಸಮಯದಿಂದ ಮಾತ್ರ ಹುಟ್ಟಿದುವಲ್ಲ, ದಾರವನ್ನು ಹಿಡಿದು ನೆಲವನ್ನು ಅಳೆದವರ ಶ್ರಮವೂ ಅವುಗಳ ಹಿಂದೆ ಇದ್ದಿತೆಂಬುದನ್ನು ಅಧ್ಯಾಪಕರು ಮರೆಯಬಾರದು. ಸಿಂಗಯಭಟ್ಟನಂತಹವರ ಹೆಸರುಗಳು ಇತರ ಶಾಸನಗಳಲ್ಲಿ ದೊರೆತಲ್ಲಿ ವಿದ್ವಾಂಸರು ಅವುಗಳನ್ನು ಬೆಳಕಿಗೆ ತರಬೇಕೆಂದು ಪ್ರಾರ್ಥನೆ.