ನೇರ ಕಾಲಿನ ನಿಯಮ: ಮಂಡಿಕೀಲು ಬದಲಾವಣೆಯಲ್ಲಿ ಜೋಡಣೆಯ ಇತಿಹಾಸ

ಸವೆದ ಮಂಡಿಯ ಮೂಳೆತುದಿಗಳನ್ನು ಕತ್ತರಿಸಿ ತೆಗೆದು, ಲೋಹ ಮತ್ತು ಪಾಲಿಥಿಲೀನ್‌ನಿಂದ ಮಾಡಿದ ಕೃತಕ ಕೀಲನ್ನು ಕೂರಿಸುವಾಗ ಅದು ಯಾವ ಕೋನದಲ್ಲಿರಬೇಕು ಎಂಬ ಪ್ರಶ್ನೆಗೆ ಸುಮಾರು ಮೂರು ದಶಕಗಳ ಕಾಲ ಬಹುತೇಕ ಒಂದೇ ಉತ್ತರವಿತ್ತು: ಕಾಲು ನೇರವಾಗಬೇಕು. ಸೊಂಟದ ಕೀಲಿನ ಕೇಂದ್ರದಿಂದ ಪಾದದ ಕೀಲಿನ ಕೇಂದ್ರಕ್ಕೆ ಎಳೆದ ಗೆರೆ ಮಂಡಿಯ ನಟ್ಟನಡುವೆ ಹಾದುಹೋಗಬೇಕೆಂಬ ಈ ನಿಯಮಕ್ಕೆ ಯಾಂತ್ರಿಕ ಜೋಡಣೆ ಎಂದು ಹೆಸರು. ಇದು ರೂಪುಗೊಂಡದ್ದು ಆರೋಗ್ಯವಂತರ ಕಾಲುಗಳನ್ನು ಅಳೆದು ನೋಡಿ ಅಲ್ಲ, ಕೂರಿಸಿದ ಕೀಲು ಕಳಚದೆ ಉಳಿಯಬೇಕೆಂಬ ಒತ್ತಾಯದಿಂದ; ಈ ನಿಯಮವನ್ನು ಕರಾರುವಾಕ್ಕಾಗಿ ಪಾಲಿಸಲೆಂದು ತಂದ ಯಂತ್ರಗಳೇ ಮುಂದೆ ಅದನ್ನು ಸಡಿಲಿಸಲು ದಾರಿ ಮಾಡಿಕೊಟ್ಟವು.

ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ 1890ರಲ್ಲಿ ಕ್ಷಯದಿಂದ ಹಾಳಾದ ಮಂಡಿಗೆ ದಂತದ ಕೀಲನ್ನು ಹಾಕಿದರು. 1950ರ ದಶಕದಲ್ಲಿ ಬೋರ್ಜೆ ವಾಲ್ಡಿಯಸ್ ಮೊದಲಾದವರು ಬಳಸಿದ್ದೂ ಬಾಗಿಲ ತಿರುಗಣೆಯಂತೆ ಒಂದೇ ಅಕ್ಷದ ಮೇಲೆ ಮಡಚುವ ಕೀಲುಗಳನ್ನೇ. ಮಂಡಿ ಮಡಚುವಾಗ ತೊಡೆಮೂಳೆಯು ಕಣಕಾಲ ಮೂಳೆಯ ಮೇಲೆ ಉರುಳುತ್ತದೆ, ಜಾರುತ್ತದೆ, ತುಸು ತಿರುಗುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದುಕೊಂಡ ಫ್ರಾಂಕ್ ಗನ್‌ಸ್ಟನ್ 1968ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್‌ನಲ್ಲಿ ತಿರುಗಣೆಯಿಲ್ಲದ ಕೀಲನ್ನು ಮೂಳೆ ಸಿಮೆಂಟಿನಿಂದ ಅಂಟಿಸಿದರು. ಇಂದಿನ ಕೀಲುಗಳ ಮೂಲಮಾದರಿ ಎನಿಸಿದ ಟೋಟಲ್ ಕಾಂಡಿಲಾರ್ ಕೀಲು 1974ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂತು. ಅದನ್ನು ರೂಪಿಸಿದವರು ಜಾನ್ ಇನ್ಸಾಲ್, ಪೀಟರ್ ವಾಕರ್ ಹಾಗೂ ಭಾರತ ಮೂಲದ ಚಿತ್ತರಂಜನ್ ರಾಣಾವತ್. ಅಟಲ್ ಬಿಹಾರಿ ವಾಜಪೇಯಿ ಅವರ ಮಂಡಿಗೆ 2000ದಲ್ಲಿ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಇದೇ ರಾಣಾವತ್.

ನೇರ ಕಾಲಿನ ನಿಯಮವನ್ನು ಶಾಸ್ತ್ರವಾಗಿಸಿದವರಲ್ಲಿ ಇನ್ಸಾಲ್ ಪ್ರಮುಖರು. ಕೀಲು ಒಳಗಡೆಗೆ ವಾಲಿ ಕೂತರೆ ಭಾರವೆಲ್ಲ ಒಳಬದಿಗೆ ಬಿದ್ದು, ಪಾಲಿಥಿಲೀನ್ ಸವೆದು, ಸಿಮೆಂಟು ಬಿಟ್ಟುಕೊಳ್ಳುತ್ತದೆ ಎಂಬ ಭಯಕ್ಕೆ ಆಗಿನ ಸಾಮಗ್ರಿಗಳ ಮಟ್ಟಿಗೆ ಆಧಾರವಿತ್ತು. ಆದರೆ ಸಹಜ ಮಂಡಿಯಲ್ಲಿ ಕೀಲಿನ ಮಟ್ಟ ಒಳಬದಿಗೆ ಸರಾಸರಿ ಸುಮಾರು 3 ಡಿಗ್ರಿ ಇಳಿಜಾರಾಗಿರುತ್ತದೆ; ಕಣಕಾಲ ಮೂಳೆಯನ್ನು ಅಕ್ಷಕ್ಕೆ 90 ಡಿಗ್ರಿಯಲ್ಲಿ ಕೊಯ್ದಾಗ ಹೊರಬದಿಯಲ್ಲಿ ಹೆಚ್ಚು ಮೂಳೆ ಹೋಗಿ, ಮಡಚಿದ ಮಂಡಿಯಲ್ಲಿ ಮೂಳೆಗಳ ನಡುವಿನ ತೆರಪು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗುತ್ತದೆ. ಅದನ್ನು ಸರಿದೂಗಿಸಲು ತೊಡೆಮೂಳೆಯ ಲೋಹದ ಭಾಗವನ್ನು ಸುಮಾರು 3 ಡಿಗ್ರಿ ಹೊರಕ್ಕೆ ತಿರುಗಿಸಿ ಕೂರಿಸಬೇಕಾಯಿತು. ಆಗಲೂ ಬಿಗಿಯಾಗಿಯೇ ಉಳಿದ ಅಸ್ಥಿರಜ್ಜುಗಳನ್ನು, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳನ್ನು, ಕೊಯ್ದು ಸಡಿಲಿಸುವುದು ವಾಡಿಕೆಯಾಯಿತು. ಸಹಜ ಇಳಿಜಾರನ್ನೇ ಉಳಿಸಿಕೊಳ್ಳುವ ಅಂಗರಚನಾ ಜೋಡಣೆಯನ್ನು 1980ರ ದಶಕದಲ್ಲಿ ಡೇವಿಡ್ ಹಂಗರ್‌ಫರ್ಡ್ ಮತ್ತು ಕೆನೆತ್ ಕ್ರ್ಯಾಕೋ ಮುಂದಿಟ್ಟರಾದರೂ, ಸರಳು ಮತ್ತು ಕೊಯ್ತದ ಅಚ್ಚುಗಳನ್ನು ನಂಬಿ ಕಣ್ಣಳತೆಯಲ್ಲಿ ಕೆಲಸ ಮಾಡುವಾಗ 3 ಡಿಗ್ರಿಯ ಗುರಿ 6 ಡಿಗ್ರಿಗೆ ಜಾರುವ ಅಪಾಯವಿದ್ದುದರಿಂದ ಅದು ವ್ಯಾಪಕವಾಗಿ ಬೇರೂರಲಿಲ್ಲ.

ಹೀಗಾಗಿ ಗುರಿಯನ್ನು ಪ್ರಶ್ನಿಸುವ ಬದಲು ಗುರಿ ತಪ್ಪದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸವಾಯಿತು. ಸೊಂಟದ ಕೃತಕ ಕೀಲಿಗಾಗಿ ತೊಡೆಮೂಳೆಯ ಪೊಳ್ಳನ್ನು ಕೊರೆಯುವ ರೋಬೊಡಾಕ್ ಎಂಬ ರೋಬಾಟ್ 1992ರಲ್ಲಿ ಅಮೆರಿಕದಲ್ಲಿ ಮನುಷ್ಯರ ಮೇಲೆ ಬಳಕೆಯಾಯಿತು. 1997ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡೊಮಿನಿಕ್ ಸರಗಾಲಿಯಾ ಕಂಪ್ಯೂಟರ್ ಮಾರ್ಗದರ್ಶನದಿಂದ ಮಂಡಿಕೀಲು ಬದಲಿಸಿದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಆಕ್ರೊಬಾಟ್, ಅನಂತರ ಅಮೆರಿಕದ ಮೇಕೋ ಯಂತ್ರಗಳಲ್ಲಿ ಉಪಕರಣ ವೈದ್ಯರ ಕೈಯಲ್ಲೇ ಇದ್ದು, ಅದು ಮೊದಲೇ ನಿಗದಿಪಡಿಸಿದ ಗಡಿ ದಾಟದಂತೆ ಯಂತ್ರದ ತೋಳು ತಡೆಯುವ ಏರ್ಪಾಡು ಬಂತು. ಮೇಕೋ 2006ರಲ್ಲಿ ಮಂಡಿಯ ಒಂದು ಬದಿಯನ್ನಷ್ಟೇ ಬದಲಿಸುವುದರಿಂದ ಆರಂಭಿಸಿ, 2015ರಲ್ಲಿ ಪೂರ್ಣ ಮಂಡಿಕೀಲಿಗೂ ಅಮೆರಿಕ ಸರ್ಕಾರದ ಅನುಮತಿ ಪಡೆಯಿತು.

ಯಂತ್ರಗಳು ಗುರಿಯನ್ನು ಮುಟ್ಟುವಷ್ಟು ಪಳಗುವ ಹೊತ್ತಿಗೆ ಗುರಿಯ ಮೇಲೆಯೇ ಅನುಮಾನ ಹುಟ್ಟಿತ್ತು. ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಫಲಿತಾಂಶ ತೃಪ್ತಿ ಕೊಟ್ಟಿಲ್ಲವೆಂಬುದು ಸಮೀಕ್ಷೆಗಳಿಂದ ತಿಳಿದಿತ್ತು. ಮೇಯೊ ಕ್ಲಿನಿಕ್ಕಿನ 398 ಕೀಲುಗಳ ದಾಖಲೆ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ, ನೇರ ಗೆರೆಯಿಂದ 3 ಡಿಗ್ರಿಯೊಳಗಿದ್ದ ಕೀಲುಗಳು ಅದರಾಚೆ ಇದ್ದವುಗಳಿಗಿಂತ 15 ವರ್ಷಗಳಲ್ಲಿ ಹೆಚ್ಚು ಬಾಳಿಕೆ ಬಂದಿಲ್ಲವೆಂದಿತು. ಬೆಲ್ಜಿಯಮ್ಮಿನ ಯೋಹಾನ್ ಬೆಲೆಮನ್ಸ್ ತಂಡ 2012ರಲ್ಲಿ 250 ಮಂದಿ ಆರೋಗ್ಯವಂತ ಯುವಜನರನ್ನು ಅಳೆದಾಗ, ಗಂಡಸರಲ್ಲಿ ಶೇಕಡಾ 32 ಹಾಗೂ ಹೆಂಗಸರಲ್ಲಿ ಶೇಕಡಾ 17 ಮಂದಿಯ ಕಾಲು ಹುಟ್ಟುಬೆಳವಣಿಗೆಯಿಂದಲೇ 3 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಿಲ್ಲಿನಂತೆ ಬಾಗಿತ್ತು. ಅಂಥವರ ಕಾಲನ್ನು ನೇರ ಮಾಡುವುದೆಂದರೆ ಅವರಿಗೆ ಎಂದೂ ಇಲ್ಲದ ಕಾಲನ್ನು ಕೊಡುವುದೇ ಆಗಿತ್ತು.

ಕ್ಯಾಲಿಫೋರ್ನಿಯಾದ ಸ್ಟೀಫನ್ ಹೋವೆಲ್ 2006ರಿಂದ ಬೆಳೆಸಿದ ಚಲನಾತ್ಮಕ ಜೋಡಣೆ ರೋಗಕ್ಕೆ ಮೊದಲಿದ್ದ ಆಕಾರವನ್ನೇ ಮರಳಿಸಲು ಹೊರಟಿತು. ಮಾಂಟ್ರಿಯಲ್‌ನ ವೆಂಡಿಟೋಲಿ ಅದಕ್ಕೆ ಮಿತಿ ಹಾಕಿ, ಒಟ್ಟು ಕಾಲಿನ ಬಾಗು 3 ಡಿಗ್ರಿಯನ್ನೂ ಒಂದೊಂದು ಮೂಳೆಯ ಕೊಯ್ತ 5 ಡಿಗ್ರಿಯನ್ನೂ ಮೀರಬಾರದೆಂದರು. ರೋಬಾಟ್ ಜೊತೆ ಬೆಳೆದ ಕ್ರಿಯಾತ್ಮಕ ಜೋಡಣೆಯಲ್ಲಿ ವೈದ್ಯರು ಮಂಡಿಯನ್ನು ಮಡಚಿ, ಚಾಚಿ, ಎರಡೂ ಬದಿಗೆ ಜಗ್ಗಿದಾಗ ಅಲ್ಲಿನ ತೆರಪುಗಳು ಪರದೆಯ ಮೇಲೆ ಮಿಲಿಮೀಟರ್‌ಗಳಲ್ಲಿ ಕಾಣುತ್ತವೆ. ಗರಗಸ ಮೂಳೆಗೆ ತಾಗುವ ಮೊದಲೇ ಕೀಲಿನ ಯೋಜಿತ ಕೋನವನ್ನು ಅರ್ಧ, ಒಂದು ಡಿಗ್ರಿ ಸರಿಸಿ ಆ ತೆರಪುಗಳನ್ನು ಹೊಂದಿಸಬಹುದಾದ್ದರಿಂದ, ಅಸ್ಥಿರಜ್ಜುವಿಗೆ ಕತ್ತಿ ಹಾಕುವ ಅಗತ್ಯ ಕಡಿಮೆಯಾಗುತ್ತದೆ. ಹಂಗರ್‌ಫರ್ಡ್ ಕಾಲದಲ್ಲಿ ಕೈಗೆಟುಕದಿದ್ದ ಸೂಕ್ಷ್ಮತೆ ಹೀಗೆ ದಕ್ಕಿದೆಯಾದರೂ, ಯಾಂತ್ರಿಕ ಜೋಡಣೆಯ ಹಿಂದಿರುವಷ್ಟು ದಶಕಗಳ ಬಾಳಿಕೆಯ ದಾಖಲೆ ಹೊಸ ವಿಧಾನಗಳಿಗೆ ಇನ್ನೂ ಕೂಡಿಬಂದಿಲ್ಲ. ಆದ್ದರಿಂದಲೇ ಅನೇಕ ವೈದ್ಯರು ಪ್ರತಿ ಕಾಲಿಗೂ ಅದರದೇ ಕೋನವಿದೆಯೆಂದು ಒಪ್ಪಿದರೂ, ಹಳೆಯ ನಿಯಮವನ್ನು ಪೂರ್ತಿ ಕೈಬಿಡದೆ, ಗುರಿಯಾಗಿದ್ದ ಅದನ್ನು ಗಡಿಯಾಗಿ ಉಳಿಸಿಕೊಂಡಿದ್ದಾರೆ.